ಎಚ್‌ಪಿವಿ ಪರೀಕ್ಷೆ: ಹೊರಡುವ ಮೊದಲಿನಿಂದ ರಿಪೋರ್ಟ್ ಬಂದ ನಂತರದವರೆಗೆ ಕಾಸರಗೋಡಿನ ಹೆಂಗಸರಿಗೊಂದು ಸಮಗ್ರ ಮಾರ್ಗದರ್ಶಿ

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಹೆಂಗಸರನ್ನು ಒಪ್ಪಿಸುವುದೇ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಕಷ್ಟ ಕಾಣುವುದು ಪರೀಕ್ಷೆ ಮುಗಿದ ಮೇಲೆ. "ಎಚ್‌ಪಿವಿ ಪಾಸಿಟಿವ್" ಎಂದು, ಅಂದರೆ ಈ ಕ್ಯಾನ್ಸರಿಗೆ ಕಾರಣವಾಗಬಲ್ಲ ವೈರಸ್ ಸಿಕ್ಕಿದೆ ಎಂದು ಬರೆದ ಕಾಗದ ಕೈಗೆ ಬರುತ್ತದೆ. ಒಬ್ಬಳು ಅದನ್ನು ಕ್ಯಾನ್ಸರ್ ಎಂದೇ ತಿಳಿದು ಊಟ ಬಿಡುತ್ತಾಳೆ. ಇನ್ನೊಬ್ಬಳು ಗಂಡನಿಗೆ ಗೊತ್ತಾದರೆ ಏನು ಗತಿ ಎಂದು ಕಪಾಟಿನ ಸೀರೆಗಳಡಿ ಅಡಗಿಸುತ್ತಾಳೆ. ಇಬ್ಬರೂ ಮತ್ತೆ ಆಸ್ಪತ್ರೆಗೆ ಹೋಗುವುದಿಲ್ಲ. ಪರೀಕ್ಷೆಯ ಲಾಭ ಅಷ್ಟಕ್ಕೇ ನಿಂತುಹೋಗುತ್ತದೆ. ಅದಕ್ಕಾಗಿ ಈ ಬರಹದಲ್ಲಿ ರಿಪೋರ್ಟಿನ ನಂತರದ ಹಾದಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಪರೀಕ್ಷೆಯ ವಿಷಯ ಎಲ್ಲ ಕಡೆಯವರಿಗೂ ಒಂದೇ.

ಮೊದಲು, ಈ ವೈರಸ್ ಏನು

ಗರ್ಭಕೋಶದ ಕೆಳತುದಿ, ಯೋನಿಯೊಳಕ್ಕೆ ತೆರೆದುಕೊಳ್ಳುವ ಭಾಗವೇ ಗರ್ಭಕಂಠ. ಅಲ್ಲಿ ಬರುವ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಕಾರಣ. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ 1983ರಲ್ಲಿ ಈ ಕ್ಯಾನ್ಸರಿನೊಳಗೆ 16ನೇ ಬಗೆಯ ವೈರಸ್ಸನ್ನು ಗುರುತಿಸಿದರು. ಮರುವರ್ಷ 18ನೇ ಬಗೆ ಸಿಕ್ಕಿತು. ಇದಕ್ಕೆ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ಸಿನಲ್ಲಿ 200ಕ್ಕೂ ಹೆಚ್ಚು ಬಗೆ ಇವೆ. ಕ್ಯಾನ್ಸರ್ ಅಪಾಯ ಇರುವವು ಸುಮಾರು 14. ಅದರಲ್ಲೂ 16 ಮತ್ತು 18 ಎರಡೇ ಸೇರಿ ಜಗತ್ತಿನ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣ.

ಇದು ಹರಡುವುದು ಲೈಂಗಿಕ ಸಂಪರ್ಕದಲ್ಲಿ, ಚರ್ಮಕ್ಕೆ ಚರ್ಮ ತಾಗುವುದರಿಂದ. ಜೀವನದಲ್ಲಿ ಒಮ್ಮೆಯಾದರೂ ಸಂಪರ್ಕ ಆದ ಬಹುತೇಕ ಗಂಡಸರಿಗೂ ಹೆಂಗಸರಿಗೂ ಇದು ಯಾವಾಗಲಾದರೂ ತಗುಲಿಯೇ ತಗುಲುತ್ತದೆ. ಜ್ವರ ಇಲ್ಲ, ನೋವಿಲ್ಲ, ತುರಿಕೆಯಿಲ್ಲ. ನೂರರಲ್ಲಿ ತೊಂಬತ್ತರಷ್ಟು ಮಂದಿಯಲ್ಲಿ ದೇಹವೇ ಎರಡು ವರ್ಷದೊಳಗೆ ಅದನ್ನು ಹೊರಹಾಕುತ್ತದೆ. ಹೋಗದೆ ಉಳಿದುಕೊಂಡರೆ ಮಾತ್ರ ಅಲ್ಲಿನ ಜೀವಕೋಶಗಳು ನಿಧಾನವಾಗಿ ಕೆಡುತ್ತವೆ. ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇದ್ದವರಲ್ಲಿ 5ರಿಂದ 10 ವರ್ಷ. ಇಷ್ಟು ದೀರ್ಘ ಸಮಯ ಕೊಡುವ ಕ್ಯಾನ್ಸರ್ ಬೇರೆ ಕಡಿಮೆ. ಆದರೂ 2022ರ ಜಾಗತಿಕ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದೇ ವರ್ಷ ಸುಮಾರು 1,27,000 ಹೆಂಗಸರಿಗೆ ಇದು ಹೊಸದಾಗಿ ಬಂತು, ಸುಮಾರು 80,000 ಮಂದಿ ತೀರಿಕೊಂಡರು. ಇವರಲ್ಲಿ ಹೆಚ್ಚಿನವರನ್ನು ಉಳಿಸಿಕೊಳ್ಳಬಹುದಿತ್ತು ಎಂಬುದು ನನ್ನನ್ನು ತುಂಬ ಕಾಡುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮದು ಎಂಡೋಸಲ್ಫಾನ್ ಸುರಿದ ಜಿಲ್ಲೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ವಿಷ ಹೊಡೆದದ್ದು 2000ದ ಹೊತ್ತಿಗೆ ನಿಂತಿತು. ಎಣ್ಮಕಜೆಯಂಥ ಊರುಗಳು ಅದರ ನೋವನ್ನು ಇನ್ನೂ ಉಣ್ಣುತ್ತಿವೆ. ಹಾಗಾಗಿ ಯಾವ ಕ್ಯಾನ್ಸರ್ ಬಂದರೂ "ಅದೇ ಇರಬೇಕು" ಅನ್ನಿಸುವುದು ಸಹಜ. ಆದರೆ ಗರ್ಭಕಂಠದ ಕ್ಯಾನ್ಸರಿನ ಕಾರಣ ಗೊತ್ತಾಗಿದೆ, ಅದು ವೈರಸ್. "ನಮ್ಮ ಊರಲ್ಲಿ ಸಿಂಪಡಣೆ ಆಗಿಲ್ಲ, ನಮಗೆ ಬರಲಿಕ್ಕಿಲ್ಲ" ಎಂದುಕೊಳ್ಳುವುದೂ ತಪ್ಪು, "ಬರುವುದು ಬಂದೇ ಬರುತ್ತದೆ" ಎಂದು ಕೂರುವುದೂ ತಪ್ಪು.

ಹೆಜ್ಜೆ 1: ನಿಮಗೆ ಪರೀಕ್ಷೆ ಬೇಕೇ ನೋಡಿ

ವಯಸ್ಸು 30 ದಾಟಿದ, ಒಮ್ಮೆಯಾದರೂ ಲೈಂಗಿಕ ಸಂಪರ್ಕ ಆದ ಎಲ್ಲ ಹೆಂಗಸರಿಗೂ ಬೇಕು. ಭಾರತ ಸರಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರೆಗೆ, ಐದು ವರ್ಷಕ್ಕೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು: 30ಕ್ಕೆ ಶುರು ಮಾಡಿ, ಎಚ್‌ಪಿವಿ ಪರೀಕ್ಷೆಯಾದರೆ 5ರಿಂದ 10 ವರ್ಷಕ್ಕೊಮ್ಮೆ ಸಾಕು. ಎಚ್‌ಐವಿ ಇರುವವರು 25ಕ್ಕೇ ಶುರು ಮಾಡಬೇಕು, 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಬೇಕು.

"ನನಗೆ ಯಾಕೆ?" ಎಂದು ಕೇಳುವವರ ಮಾತಿಗೆ ಒಂದೊಂದಾಗಿ ಬರುತ್ತೇನೆ.

"ಗಂಡ ಗಲ್ಫಿನಲ್ಲಿ, ಬರುವುದು ಎರಡು ವರ್ಷಕ್ಕೊಮ್ಮೆ." ಬೇಕು. ವೈರಸ್ ಒಳಗೆ ಸುಮ್ಮನೆ ವರ್ಷಗಟ್ಟಲೆ ಇರಬಲ್ಲದು. "ಗಂಡ ತೀರಿ ಹತ್ತು ವರ್ಷ ಆಯಿತು." ಬೇಕು, ಕಾರಣ ಅದೇ. "ಮುಟ್ಟು ನಿಂತಿದೆ." ಖಂಡಿತ ಬೇಕು. ಈ ಕ್ಯಾನ್ಸರ್ ಜಾಸ್ತಿ ಕಾಣುವುದು ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಮತ್ತು ಅದರ ನಂತರ. "ಮಕ್ಕಳಾಗದಂತೆ ಆಪರೇಷನ್ ಆಗಿದೆ." ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಬೇಕು.

"ಗರ್ಭಕೋಶ ತೆಗೆಸಿದ್ದೇನೆ." ಇದಕ್ಕೆ ಮಾತ್ರ ಹಳೆಯ ಡಿಸ್ಚಾರ್ಜ್ ಕಾಗದ ನೋಡಬೇಕು. ಗರ್ಭಕಂಠವನ್ನೂ ಸೇರಿಸಿ ಪೂರ್ತಿ ತೆಗೆದಿದ್ದರೆ, ತೆಗೆದ ಕಾರಣ ಗಡ್ಡೆ, ರಕ್ತಸ್ರಾವ, ಜಾರುವಿಕೆಯಂಥದ್ದಾಗಿದ್ದರೆ, ಹಿಂದೆ ಗರ್ಭಕಂಠದ ತೊಂದರೆ ಇಲ್ಲದಿದ್ದರೆ ಪರೀಕ್ಷೆ ಬೇಡ. ಕೆಲವರಿಗೆ ಮೇಲಿನ ಭಾಗ ಮಾತ್ರ ತೆಗೆದು ಗರ್ಭಕಂಠ ಉಳಿಸಿರುತ್ತಾರೆ. ಅವರಿಗೆ ಬೇಕು. ಕಾಗದ ಇಲ್ಲವೆಂದರೆ ಸ್ತ್ರೀರೋಗ ತಜ್ಞರು ಒಮ್ಮೆ ಪರೀಕ್ಷಿಸಿ ಹೇಳಬಲ್ಲರು.

ಗರ್ಭಿಣಿಯಾಗಿದ್ದರೆ ಅವಸರ ಬೇಡ, ಹೆರಿಗೆಯ ನಂತರ ಯಾವಾಗ ಎಂದು ಡಾಕ್ಟರನ್ನೇ ಕೇಳಿ.

ಇನ್ನು ಮುಖ್ಯವಾದದ್ದು. ಸಂಪರ್ಕದ ನಂತರ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ರಕ್ತ ಹೋಗುವುದು, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣುವುದು, ವಾಸನೆಯ ಅಥವಾ ರಕ್ತ ಬೆರೆತ ಬಿಳಿಸೆರಗು, ಕಡಿಮೆಯಾಗದ ಕೆಳಹೊಟ್ಟೆ ನೋವು: ಇವುಗಳಲ್ಲಿ ಒಂದು ಇದ್ದರೂ ನೀವು ಕ್ಯಾಂಪಿಗೆ ಕಾಯುವವರಲ್ಲ. ನೇರ ಸ್ತ್ರೀರೋಗ ತಜ್ಞರ ಬಳಿ ಹೋಗಿ. ತಪಾಸಣೆ ಇರುವುದು ಏನೂ ತೊಂದರೆ ಇಲ್ಲದವರಿಗಾಗಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಾಗ "ಉಷ್ಣ ಆಗಿರಬೇಕು" ಎಂದು ಎಳನೀರು ಕುಡಿದು ತಿಂಗಳು ದೂಡಬೇಡಿ.

ಹೆಜ್ಜೆ 2: ಮೂರು ಪರೀಕ್ಷೆಗಳ ವ್ಯತ್ಯಾಸ ತಿಳಿದಿರಿ

ಸರಕಾರಿ ಕ್ಯಾಂಪುಗಳಲ್ಲಿ ಸಾಮಾನ್ಯವಾಗಿ ಸಿಗುವುದು ವಿಐಎ. ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಗರ್ಭಕಂಠಕ್ಕೆ ಹಚ್ಚಿ, ಒಂದು ನಿಮಿಷ ಬಿಟ್ಟು ಬರಿಗಣ್ಣಿನಲ್ಲಿ ನೋಡುತ್ತಾರೆ. ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ, ಇದು ದೊಡ್ಡ ಅನುಕೂಲ. ಆದರೆ ನೋಡುವವರ ಅನುಭವದ ಮೇಲೆ ತುಂಬ ನಿಂತಿದೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿದಿರುವುದರಿಂದ ಅವರಿಗೆ ಇದು ಅಷ್ಟು ಸರಿಹೊಂದುವುದಿಲ್ಲ.

ಪ್ಯಾಪ್ ಸ್ಮಿಯರ್‌ನಲ್ಲಿ ಗರ್ಭಕಂಠದ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈಗಾಗಲೇ ಜೀವಕೋಶ ಕೆಟ್ಟಿದೆಯೇ ಎಂದು ಹೇಳುತ್ತದೆ. ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾಗುತ್ತದೆ.

ಎಚ್‌ಪಿವಿ ಡಿಎನ್‌ಎ ಪರೀಕ್ಷೆ ವೈರಸ್ ಇದೆಯೇ ಎಂದು ನೋಡುತ್ತದೆ. ಜೀವಕೋಶ ಕೆಡುವ ಮೊದಲೇ ಸುಳಿವು ಸಿಗುತ್ತದೆ. ನೆಗೆಟಿವ್ ಬಂದರೆ ಐದು ವರ್ಷ ನೆಮ್ಮದಿ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಮೊದಲ ಆಯ್ಕೆಯಾಗಿ ಹೇಳುತ್ತಿರುವುದು ಇದನ್ನೇ.

ಇದರ ಬಲ ಗೊತ್ತಾದದ್ದು ನಮ್ಮಂಥದ್ದೇ ಒಂದು ಗಡಿ ಜಿಲ್ಲೆಯಲ್ಲಿ. ಬೀದರ್, ಕಲಬುರಗಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ. ಅಲ್ಲಿನ ಹಳ್ಳಿಗಳ 30ರಿಂದ 59 ವರ್ಷದ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ಮೂರು ಬಗೆಯ ಪರೀಕ್ಷೆ, ನಾಲ್ಕನೆಯದಕ್ಕೆ ಎಂದಿನಂತೆ. ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರಿನಲ್ಲಿ ಹಿಂದೆ ಕೆಲಸ ಮಾಡಿದ್ದ ಡಾ. ಆರ್. ಶಂಕರನಾರಾಯಣನ್ ಇದರ ಮುಂದಾಳು. ಫಲಿತಾಂಶ 2009ರಲ್ಲಿ ಹೊರಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು, ಪರೀಕ್ಷೆ ಇಲ್ಲದ ಗುಂಪಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಮಾತ್ರ. ಉಳಿದೆರಡು ಪರೀಕ್ಷೆಗಳಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ. ಹೊಲದಲ್ಲಿ ದುಡಿಯುವ, ಶಾಲೆಗೆ ಹೋಗದ ಎಷ್ಟೋ ಹೆಂಗಸರು ಅದರಲ್ಲಿದ್ದರು. ಈ ಪರೀಕ್ಷೆ ಪೇಟೆಯವರಿಗೆ, ಓದಿದವರಿಗೆ ಎಂದು ಯಾರಾದರೂ ಹೇಳಿದರೆ ಧಾರಾಶಿವದ ಹೆಸರು ಹೇಳಿ.

ಎಚ್‌ಪಿವಿ ಸಿಗದಿದ್ದರೆ? ವಿಐಎ ಅಥವಾ ಪ್ಯಾಪ್ ಮಾಡಿಸಿ. ದೊಡ್ಡ ಪರೀಕ್ಷೆಗೆ ಕಾಯುತ್ತಾ ಕೈಗೆ ಸಿಕ್ಕಿದ್ದನ್ನು ಬಿಡಬೇಡಿ. ಇನ್ನೊಂದು ಎಚ್ಚರ: ರಕ್ತ ತೆಗೆದು ಮಾಡುವ ಎಚ್‌ಪಿವಿ ತಪಾಸಣೆ ಎಂಬುದಿಲ್ಲ. ಯಾವುದಾದರೂ ಲ್ಯಾಬ್ ಪ್ಯಾಕೇಜಿನಲ್ಲಿ ರಕ್ತದಿಂದಲೇ ಗರ್ಭಕಂಠದ ತಪಾಸಣೆ ಆಗುತ್ತದೆ ಎಂದರೆ ನಂಬಬೇಡಿ.

ಹೆಜ್ಜೆ 3: ಎಲ್ಲಿಗೆ, ಯಾವಾಗ, ಏನು ಹಿಡಿದುಕೊಂಡು

ಮೊದಲು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇರಳದಲ್ಲಿ ಆಶಾ ಅವರು ಮನೆಮನೆಗೆ ಬಂದು 'ಶೈಲಿ' ಆ್ಯಪಿನಲ್ಲಿ ಆರೋಗ್ಯದ ಪ್ರಶ್ನೆ ಕೇಳಿ ದಾಖಲಿಸುತ್ತಾರೆ. ಆಗ ಸಂಕೋಚದಿಂದ "ಏನೂ ಇಲ್ಲ, ಏನೂ ಇಲ್ಲ" ಎಂದು ಮುಗಿಸಿಬಿಡಬೇಡಿ. ರಾಜ್ಯ ಸರಕಾರ 2025ರ ಫೆಬ್ರವರಿ 4ರಂದು 'ಆರೋಗ್ಯಂ ಆನಂದಂ, ಅಕಟ್ಟಾಂ ಅರ್ಬುದಂ' ಎಂಬ ಅಭಿಯಾನ ಶುರು ಮಾಡಿದಾಗ ಮೊದಲ ಹಂತದಲ್ಲಿ ಎತ್ತಿಕೊಂಡದ್ದೇ ಹೆಂಗಸರ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರನ್ನು. ಹತ್ತಿರದ ಕುಟುಂಬಾರೋಗ್ಯ ಕೇಂದ್ರದಲ್ಲಿ ಯಾವ ದಿನ ತಪಾಸಣೆ, ಯಾವ ಪರೀಕ್ಷೆ, ಸ್ಯಾಂಪಲ್ ಎಲ್ಲಿಗೆ ಹೋಗುತ್ತದೆ, ರಿಪೋರ್ಟ್ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು.

ನಮ್ಮವರು ಎಷ್ಟೋ ಮಂದಿ ತಲಪಾಡಿ ದಾಟಿ ಮಂಗಳೂರಿಗೇ ಹೋಗುತ್ತಾರೆ. ಭಾಷೆಯ ಅನುಕೂಲ, ಬಸ್ಸಿನ ಅನುಕೂಲ ಎರಡೂ ಇದೆ. ಹೋಗಿ. ಆದರೆ ಒಂದು ಯೋಚನೆ ಮಾಡಿ: ಪಾಸಿಟಿವ್ ಬಂದರೆ ಎರಡು ಮೂರು ಸಲ ಹೋಗಬೇಕಾಗುತ್ತದೆ. ಅಷ್ಟು ಸಲ ಮನೆ ಬಿಟ್ಟು, ಕೆಲಸ ಬಿಟ್ಟು ಹೋಗಲಿಕ್ಕೆ ಆಗುವ ಜಾಗವನ್ನೇ ಆರಿಸಿ. ಖಾಸಗಿಯಾದರೆ ಪರೀಕ್ಷೆಯ ಖರ್ಚು, ಡಾಕ್ಟರ್ ಫೀಸು, ಪಾಸಿಟಿವ್ ಬಂದರೆ ಮುಂದಿನ ಖರ್ಚು, ಮೂರನ್ನೂ ಕೌಂಟರಿನಲ್ಲಿ ಮೊದಲೇ ಕೇಳಿ. ಕೇರಳದ ಆರೋಗ್ಯ ವಿಮೆಯ ಕಾರ್ಡು ಇದ್ದವರು, ಗಡಿಯಾಚೆ ಅದು ನಡೆಯುತ್ತದೆಯೇ ಎಂದು ಚಿಕಿತ್ಸೆಗೆ ಮೊದಲು ಆ ಆಸ್ಪತ್ರೆಯಲ್ಲೇ ಖಚಿತ ಮಾಡಿಕೊಳ್ಳಿ.

ದಿನ: ಮುಟ್ಟಿನ ಸಮಯ ಬೇಡ. ಮುಟ್ಟು ಶುರುವಾದ ದಿನದಿಂದ ಹತ್ತರಿಂದ ಇಪ್ಪತ್ತನೇ ದಿನದ ನಡುವೆ ಒಳ್ಳೆಯದು. ಎರಡು ದಿನ ಮೊದಲಿನಿಂದ ಸಂಪರ್ಕ ಬೇಡ, ಯೋನಿಯೊಳಗೆ ಮಾತ್ರೆ, ಮುಲಾಮು ಬೇಡ, ಒಳಗೆ ನೀರು ಹಾಕಿ ತೊಳೆಯುವುದೂ ಬೇಡ. ಎಂದಿನ ಸ್ನಾನ ಸಾಕು. ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಿ. ಸೀರೆ, ನೈಟಿ, ಅಗಲದ ಲಂಗ, ಯಾವುದಾದರೂ ಸರಿ, ಸುಲಭವಾಗಿ ಮೇಲೆ ಸರಿಸುವಂತಿರಲಿ. ಒಂದು ಪ್ಯಾಡ್ ಚೀಲದಲ್ಲಿರಲಿ.

ಆಧಾರ್, ಹಳೆಯ ಆಸ್ಪತ್ರೆ ಕಾಗದ, ಈಗ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಕಳೆದ ಮುಟ್ಟಿನ ದಿನಾಂಕ ಬೇಕು. ಇವೆಲ್ಲಕ್ಕಿಂತ ಮುಖ್ಯ ಫೋನ್ ನಂಬರ್. ನಿಮ್ಮ ಕೈಯಲ್ಲೇ ಇರುವ ಫೋನಿನ ನಂಬರನ್ನೇ ಬರೆಸಿ. ಮನೆಯಲ್ಲಿ ಒಂದೇ ಫೋನ್, ಅದು ಗಂಡನದ್ದು ಅಥವಾ ಮಗನದ್ದು ಎಂದಾದರೆ "ರಿಪೋರ್ಟ್ ಫೋನಿನಲ್ಲಿ ಹೇಳಬೇಡಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ, ಯಾವ ದಿನ ಬರಲಿ?" ಎಂದು ಕೇಳಿ ದಿನಾಂಕ ಬರೆಸಿಕೊಳ್ಳಿ. ಇದು ಸಣ್ಣ ವಿಷಯ ಅಲ್ಲ. ನಿಮ್ಮ ದೇಹದ ಸುದ್ದಿ ಮೊದಲು ನಿಮಗೇ ತಲುಪಬೇಕು ಅಲ್ವಾ?

ಹೆಜ್ಜೆ 4: ಪರೀಕ್ಷೆಯ ಮೇಜಿನ ಮೇಲೆ

ಹೋಗುವ ಮೊದಲು ಮೂತ್ರ ಮಾಡಿ ಬನ್ನಿ. ಮಲಗಿಸಿ ಮಂಡಿ ಮಡಚಿ ಕಾಲು ಅಗಲಿಸಲು ಹೇಳುತ್ತಾರೆ. ಸ್ಪೆಕ್ಯುಲಮ್ ಎಂಬ ಸಾಧನ ಒಳಗಿಟ್ಟು ತೆರೆಯುತ್ತಾರೆ. ಗರ್ಭಕಂಠ ಕಾಣುತ್ತದೆ. ಮೆತ್ತನೆಯ ಸಣ್ಣ ಬ್ರಶ್ ತಿರುಗಿಸಿ ತೆಗೆದು ದ್ರವ ಇರುವ ಡಬ್ಬಿಗೆ ಹಾಕುತ್ತಾರೆ. ಕೆಲವೇ ನಿಮಿಷದ ಕೆಲಸ. ಒತ್ತಿದಂತೆ ಅನ್ನಿಸುತ್ತದೆ, ಕೆಲವರಿಗೆ ಮುಟ್ಟಿನ ನೋವಿನಂಥ ಸೆಳೆತ ಬರಬಹುದು. ಉಸಿರು ಬಿಗಿಹಿಡಿದರೆ ಅಲ್ಲಿನ ಸ್ನಾಯುವೂ ಬಿಗಿಯುತ್ತದೆ, ಆಗಲೇ ಜಾಸ್ತಿ ನೋಯುವುದು. ಬಾಯಿ ತೆರೆದು ನಿಧಾನ ಉಸಿರು ಬಿಡುತ್ತಿರಿ.

ನಿಮಗಿರುವ ಹಕ್ಕುಗಳು ಗೊತ್ತಿರಲಿ. ಪರದೆ ಇರಬೇಕು. ಹೆಂಗಸೇ ಪರೀಕ್ಷೆ ಮಾಡಲಿ ಎಂದು ಕೇಳಬಹುದು. ಗಂಡಸು ಡಾಕ್ಟರಾದರೆ ಜೊತೆಗೆ ನರ್ಸ್ ಇರಬೇಕು. ನಡುವೆ ನಿಲ್ಲಿಸಿ ಎನ್ನಬಹುದು. ಮಲಯಾಳ ಅಷ್ಟಾಗಿ ಬಾರದವರು ಮೂರು ಮಾತು ನೆನಪಿಡಿ: "ವೇದನಿಕ್ಕುನ್ನು" ಎಂದರೆ ನೋಯುತ್ತಿದೆ, "ಪತುಕ್ಕೆ" ಎಂದರೆ ಮೆಲ್ಲಗೆ, "ಒನ್ನು ನಿರ್ತ್ತೂ" ಎಂದರೆ ಸ್ವಲ್ಪ ನಿಲ್ಲಿಸಿ. ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಓದಿ ಹೇಳಿಸಿಕೊಂಡೇ ಸಹಿ ಹಾಕಿ. ಕನ್ನಡ ಬಲ್ಲ ಸಿಬ್ಬಂದಿ ನಮ್ಮ ತಾಲೂಕುಗಳ ಆಸ್ಪತ್ರೆಗಳಲ್ಲಿ ಇದ್ದೇ ಇರುತ್ತಾರೆ, ಕರೆಯಲು ಹೇಳಿ.

ಕೆಲವು ಕಡೆ ಸ್ಯಾಂಪಲನ್ನು ನೀವೇ ತೆಗೆಯುವ ಕಿಟ್ ಕೊಡುತ್ತಾರೆ. ಎಚ್‌ಪಿವಿ ಪರೀಕ್ಷೆಗೆ ಮಾತ್ರ ಇದು ಸಾಧ್ಯ, ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಸಂಕೋಚದಿಂದಲೇ ಹಿಂದೆ ಸರಿಯುವ ನಮ್ಮ ಅಕ್ಕಂದಿರಿಗೆ ಇದು ದೊಡ್ಡ ವರ. ಕೈ ತೊಳೆಯಿರಿ. ಕುಕ್ಕರಗಾಲಲ್ಲಿ ಕುಳಿತು ಅಥವಾ ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು, ಬ್ರಶ್ಶನ್ನು ಮೆಲ್ಲಗೆ ಒಳಕ್ಕೆ ಬಿಡಿ. ಕಿಟ್ಟಿನಲ್ಲಿ ಹೇಳಿದ ಗುರುತಿನವರೆಗೆ ಅಥವಾ ತಡೆ ಸಿಗುವವರೆಗೆ. ಹೇಳಿದಷ್ಟು ಸಲ ತಿರುಗಿಸಿ ತೆಗೆದು ಡಬ್ಬಿಗೆ ಹಾಕಿ ಮುಚ್ಚಿ. ಬ್ರಶ್ಶಿನ ತುದಿ ನೆಲಕ್ಕೆ, ಬಟ್ಟೆಗೆ, ಬೆರಳಿಗೆ ತಾಗಬಾರದು. ಗರ್ಭಕಂಠಕ್ಕೇ ಸರಿಯಾಗಿ ತಾಗಿತೋ ಇಲ್ಲವೋ ಎಂಬ ಚಿಂತೆ ಬೇಡ, ಯೋನಿಯೊಳಗಿನ ಸ್ಯಾಂಪಲ್ ಸಾಕಾಗುತ್ತದೆ.

ಡಬ್ಬಿಯ ಮೇಲೆ ನಿಮ್ಮ ಹೆಸರು, ವಯಸ್ಸು ಸರಿ ಇದೆಯೇ ನೋಡಿಯೇ ಹೊರಡಿ. ಒಂದೇ ಹೆಸರಿನ ನಾಲ್ಕು ಜನ ಒಂದೇ ಕ್ಯಾಂಪಿನಲ್ಲಿರುವುದು ನಮ್ಮ ಊರಲ್ಲಿ ಅಪರೂಪವಲ್ಲ. ಆಮೇಲೆ ಒಂದೆರಡು ದಿನ ಸ್ವಲ್ಪ ರಕ್ತದ ಕಲೆ ಕಂಡರೆ ಹೆದರಬೇಡಿ.

ಹೆಜ್ಜೆ 5: ರಿಪೋರ್ಟ್ ಓದುವುದು

"ನಾಟ್ ಡಿಟೆಕ್ಟೆಡ್" ಅಥವಾ "ನೆಗೆಟಿವ್": ಅಪಾಯದ ಬಗೆಯ ವೈರಸ್ ಸಿಕ್ಕಿಲ್ಲ. ಮುಂದಿನದು ಐದು ವರ್ಷದ ನಂತರ. ಆದರೆ ನಡುವೆ ಮೇಲೆ ಹೇಳಿದ ರಕ್ತದ ಲಕ್ಷಣ ಕಂಡರೆ ಈ ಕಾಗದ ನಂಬಿ ಕೂರಬೇಡಿ.

"ಇನ್‌ವ್ಯಾಲಿಡ್" ಅಥವಾ "ಇನ್‌ಅಡಿಕ್ವೇಟ್": ಸ್ಯಾಂಪಲ್ ಸಾಲಲಿಲ್ಲ, ಅಷ್ಟೇ. ಇನ್ನೊಮ್ಮೆ ಕೊಡಿ.

"ಎಚ್‌ಪಿವಿ 16 ಡಿಟೆಕ್ಟೆಡ್", "18 ಡಿಟೆಕ್ಟೆಡ್", "ಅದರ್ ಹೈ ರಿಸ್ಕ್ ಡಿಟೆಕ್ಟೆಡ್": ಇವು ಪಾಸಿಟಿವ್. ಯಾವ ಬಗೆ ಎಂಬುದು ಮುಂದಿನ ಹೆಜ್ಜೆಯನ್ನು ತೀರ್ಮಾನಿಸುತ್ತದೆ, ಹಾಗಾಗಿ ಕಾಗದ ಜೋಪಾನ.

ಪ್ಯಾಪ್ ರಿಪೋರ್ಟಿನಲ್ಲಿ "ಎನ್‌ಐಎಲ್‌ಎಂ" ಎಂದಿದ್ದರೆ ಕೆಟ್ಟ ಜೀವಕೋಶ ಕಂಡಿಲ್ಲ ಎಂದರ್ಥ. "ಎಎಸ್‌ಸಿ-ಯುಎಸ್" ಎಂದರೆ ಸ್ವಲ್ಪ ಅನುಮಾನ, "ಎಲ್‌ಎಸ್‌ಐಎಲ್" ಎಂದರೆ ಸಣ್ಣ ಬದಲಾವಣೆ, "ಎಚ್‌ಎಸ್‌ಐಎಲ್" ಎಂದರೆ ತಡಮಾಡದೆ ನೋಡಬೇಕಾದ ಬದಲಾವಣೆ. ಇದೂ ಕ್ಯಾನ್ಸರ್ ಎಂದರ್ಥವಲ್ಲ.

ಹೆಜ್ಜೆ 6: ಪಾಸಿಟಿವ್ ಬಂದಾಗ

ಇಲ್ಲಿ ನಿಧಾನವಾಗಿ ಓದಿ.

ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ. ಕ್ಯಾನ್ಸರಿಗೆ ದಾರಿ ಮಾಡಬಲ್ಲ ವೈರಸ್ ಈಗ ಅಲ್ಲಿದೆ ಎಂದು ಮಾತ್ರ ಅರ್ಥ. ಪಾಸಿಟಿವ್ ಬಂದ ಹೆಚ್ಚಿನ ಹೆಂಗಸರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಆದರೆ ಯಾರಿಗೆ ಬರಬಹುದು ಎಂದು ಮುಂದಿನ ಪರೀಕ್ಷೆ ಮಾಡದೆ ಹೇಳಲಾಗುವುದಿಲ್ಲ. ಹಾಗಾಗಿ ಹೆದರುವುದೂ ಬೇಡ, ಬಿಡುವುದೂ ಬೇಡ.

ಈ ವೈರಸ್ಸನ್ನು ಕೊಲ್ಲುವ ಮಾತ್ರೆ ಇಲ್ಲ. ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಎಚ್‌ಪಿವಿ ಹೋಗಿಸುವ ಕಷಾಯ, ಪುಡಿ, ಪ್ಯಾಕೇಜು ಎಂದು ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ. ದುಡ್ಡಿಗಿಂತ ಹೆಚ್ಚಿನ ನಷ್ಟ ಅದನ್ನು ಕುಡಿಯುತ್ತಾ ಕಳೆಯುವ ತಿಂಗಳುಗಳದ್ದು. ಚಿಕಿತ್ಸೆ ಇರುವುದು ವೈರಸ್ಸಿನಿಂದ ಕೆಟ್ಟ ಜಾಗಕ್ಕೆ.

16 ಅಥವಾ 18 ಇದ್ದರೆ ಸಾಮಾನ್ಯವಾಗಿ ನೇರ ಕಾಲ್ಪೋಸ್ಕೋಪಿಗೆ ಕಳಿಸುತ್ತಾರೆ. ಬೇರೆ ಬಗೆಯಾದರೆ ವಿಐಎ ಅಥವಾ ಪ್ಯಾಪ್ ಮಾಡಿ ನೋಡುತ್ತಾರೆ. ಅದರಲ್ಲಿ ಏನೂ ಕಾಣದಿದ್ದರೆ ಒಂದು ಅಥವಾ ಎರಡು ವರ್ಷದ ನಂತರ ಮತ್ತೆ ಎಚ್‌ಪಿವಿ ಪರೀಕ್ಷೆಗೆ ಬರಲು ಹೇಳುತ್ತಾರೆ. ಆ "ಮತ್ತೆ ಬನ್ನಿ" ಎಂಬುದು ಬಾಯಿಮಾತಿನಲ್ಲಿ ಉಳಿಯಬಾರದು. ತಿಂಗಳು, ವರ್ಷ ಚೀಟಿಯಲ್ಲಿ ಬರೆಸಿಕೊಳ್ಳಿ.

ಕಾಲ್ಪೋಸ್ಕೋಪಿ ಎಂದರೆ ಆಪರೇಷನ್ ಅಲ್ಲ. ಮೊದಲಿನಂತೆಯೇ ಮಲಗಿಸಿ, ಹೊರಗೇ ನಿಲ್ಲಿಸಿದ ದೊಡ್ಡದು ಮಾಡಿ ತೋರಿಸುವ ಯಂತ್ರದಿಂದ ಗರ್ಭಕಂಠ ನೋಡುತ್ತಾರೆ. ಅಸಿಟಿಕ್ ಆಮ್ಲ, ಅಯೋಡಿನ್ ಹಚ್ಚುತ್ತಾರೆ, ಸ್ವಲ್ಪ ಉರಿ ಇರಬಹುದು. ಅನುಮಾನ ಬಂದ ಜಾಗದಿಂದ ಅಕ್ಕಿಕಾಳಿನಷ್ಟು ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಇದೇ ಬಯಾಪ್ಸಿ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮ ಕಡೆ ತುಂಬ ಇದೆ. ಹಾಗಿಲ್ಲ. ಬಯಾಪ್ಸಿ ಇಲ್ಲದೆ ಏನಾಗಿದೆ ಎಂದು ಯಾರೂ ಖಚಿತವಾಗಿ ಹೇಳಲಾರರು.

ಬಯಾಪ್ಸಿ ರಿಪೋರ್ಟಿನಲ್ಲಿ "ಸಿಐಎನ್ 1", ಅಂದರೆ ಜೀವಕೋಶಗಳಲ್ಲಿ ಸಣ್ಣ ಬದಲಾವಣೆ, ಎಂದು ಬಂದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ, ಹೆಚ್ಚಿನವು ತಾನಾಗಿ ಸರಿಹೋಗುತ್ತವೆ. "ಸಿಐಎನ್ 2" ಅಥವಾ "3" ಬಂದರೆ ಚಿಕಿತ್ಸೆ ಬೇಕು. ಇವೂ ಕ್ಯಾನ್ಸರಿಗಿಂತ ಮೊದಲಿನ ಹಂತ. ಕೆಟ್ಟ ಜಾಗವನ್ನು ಬಿಸಿಯಿಂದ ಸುಡುವ ಥರ್ಮಲ್ ಅಬ್ಲೇಶನ್, ತೀರಾ ತಂಪಿನಿಂದ ಸಾಯಿಸುವ ಕ್ರಯೋಥೆರಪಿ, ವಿದ್ಯುತ್ ತಂತಿಯ ಕುಣಿಕೆಯಿಂದ ಆ ಭಾಗ ಕತ್ತರಿಸಿ ತೆಗೆಯುವ ಲೀಪ್ ಇವೆ. ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ನಂತರ ಕೆಲವು ವಾರ ನೀರಿನಂಥ ಸ್ರಾವ ಇರುತ್ತದೆ. ಸುಮಾರು ನಾಲ್ಕು ವಾರ, ಅಥವಾ ಡಾಕ್ಟರ್ ಹೇಳಿದಷ್ಟು ಕಾಲ, ಸಂಪರ್ಕ ಬೇಡ, ಕೆರೆ ಹೊಳೆಗೆ ಇಳಿಯುವುದು ಬೇಡ. ಹುಲ್ಲಿನ ಹೊರೆ, ಅಡಿಕೆ ಗೋಣಿ ಹೊರುವ ಕೆಲಸ ಕೆಲವು ದಿನ ಬೇರೆಯವರು ಮಾಡಲಿ. ಜ್ವರ, ಜೋರು ರಕ್ತಸ್ರಾವ, ಕೆಟ್ಟ ವಾಸನೆ, ತಡೆಯಲಾರದ ಹೊಟ್ಟೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದು ವರ್ಷದ ನಂತರ ಮತ್ತೆ ಪರೀಕ್ಷೆ ಇದೆ, ಅದನ್ನು ಬಿಡುವಂತಿಲ್ಲ.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಮಾತು. ಎಚ್‌ಪಿವಿ ಪಾಸಿಟಿವ್ ಬಂತು ಎಂಬ ಒಂದೇ ಕಾರಣಕ್ಕೆ, ಅಥವಾ ಸಿಐಎನ್ 1 ಬಂತು ಎಂದು, ಗರ್ಭಕೋಶ ತೆಗೆಯಬೇಕಿಲ್ಲ. "ಮಕ್ಕಳಾಗಿ ಆಯಿತಲ್ಲ, ತೆಗೆಸಿಬಿಡಿ, ತಲೆನೋವು ಹೋಗುತ್ತದೆ" ಎಂದು ಮನೆಯವರು ಹೇಳಿದರೂ, ಆಸ್ಪತ್ರೆಯಲ್ಲಿ ಹೇಳಿದರೂ, ಕಾಲ್ಪೋಸ್ಕೋಪಿ ಆಗಿದೆಯೇ, ಬಯಾಪ್ಸಿ ಏನು ಹೇಳಿತು ಎಂದು ಕೇಳಿ. ಎರಡೂ ಆಗಿಲ್ಲವೆಂದರೆ ಇನ್ನೊಬ್ಬ ಡಾಕ್ಟರನ್ನು ನೋಡಿ. ಹಾಗೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂದರೆ ದಿನ ಕಳೆಯದೆ ಕ್ಯಾನ್ಸರ್ ಆಸ್ಪತ್ರೆಗೇ ಹೋಗಿ. ನಮಗೆ ಹತ್ತಿರದ ಸರಕಾರಿ ವ್ಯವಸ್ಥೆಯಲ್ಲಿ ತಲಶ್ಶೇರಿಯ ಕೊಡಿಯೇರಿಯಲ್ಲಿರುವ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ಇತ್ತ ಮಂಗಳೂರಿನಲ್ಲೂ ಕ್ಯಾನ್ಸರ್ ವಿಭಾಗಗಳಿವೆ. ಬೇಗ ಹಿಡಿದರೆ ಇದು ಗುಣವಾಗುವ ಕ್ಯಾನ್ಸರ್.

ಹೆಜ್ಜೆ 7: ಮನೆಯಲ್ಲಿ ಹೇಗೆ ಹೇಳುವುದು

ಪಾಸಿಟಿವ್ ಬಂದವರನ್ನು ಕಾಯಿಲೆಗಿಂತ ಜಾಸ್ತಿ ತಿನ್ನುವುದು ಒಂದು ಪ್ರಶ್ನೆ: "ಇದು ಯಾರಿಂದ ಬಂತು?" ಉತ್ತರ ಇದು: ಹೇಳಲು ಸಾಧ್ಯವಿಲ್ಲ. ಯಾವ ಡಾಕ್ಟರಿಗೂ ಸಾಧ್ಯವಿಲ್ಲ. ಇವತ್ತು ಸಿಕ್ಕಿದ ವೈರಸ್ ಹೋದ ತಿಂಗಳು ಬಂದದ್ದೋ, ಇಪ್ಪತ್ತು ವರ್ಷದ ಹಿಂದೆ ಮದುವೆಯಾದ ಹೊಸತರಲ್ಲಿ ಬಂದದ್ದೋ ಪರೀಕ್ಷೆ ಹೇಳುವುದಿಲ್ಲ. ಒಳಗೆ ಅಡಗಿದ್ದದ್ದು ವಯಸ್ಸಾದ ಮೇಲೆ ಮತ್ತೆ ಕಾಣಿಸಿಕೊಳ್ಳುವುದೂ ಇದೆ. ಹಾಗಾಗಿ ಈ ಕಾಗದ ಹಿಡಿದು ಗಂಡನನ್ನು ಅನುಮಾನಿಸುವುದಾಗಲಿ, ಹೆಂಡತಿಯ ನಡತೆಯ ಬಗ್ಗೆ ಮಾತಾಡುವುದಾಗಲಿ ಅನ್ಯಾಯ. ಎಚ್‌ಪಿವಿ ರಿಪೋರ್ಟ್ ನಡತೆಯ ಸರ್ಟಿಫಿಕೇಟ್ ಅಲ್ಲ.

ಗಂಡನಿಗೆ ಹೇಳಲೇಬೇಕೆಂಬ ಕಡ್ಡಾಯವಿಲ್ಲ. ಹೇಳಿದರೆ ಆಸ್ಪತ್ರೆ ಓಡಾಟಕ್ಕೆ ಜೊತೆ ಸಿಗುತ್ತದೆ. ಹೀಗೆ ಹೇಳಬಹುದು: "ತಪಾಸಣೆಯಲ್ಲಿ ಒಂದು ವೈರಸ್ ಸಿಕ್ಕಿದೆ. ಮದುವೆಯಾದ ಹೆಚ್ಚಿನವರಿಗೆ ಯಾವಾಗಲಾದರೂ ಬರುವಂಥದ್ದು. ಕ್ಯಾನ್ಸರ್ ಅಲ್ಲ. ಇನ್ನೊಂದು ಪರೀಕ್ಷೆ ಮಾಡಿಸಬೇಕು, ನೀವೂ ಬನ್ನಿ." ಅಷ್ಟು ಸಾಕು. ಮನೆಯಲ್ಲಿ ಹೊಡೆತ ಬಡಿತದ ಭಯ ಇರುವವರು ಮೊದಲು ನಂಬಿಕೆಯ ನರ್ಸಿಗೋ ಆಶಾಗೋ ಹೇಳಿ, ಅವರ ಎದುರಲ್ಲೇ ಮಾತು ನಡೆಯಲಿ.

ಗಂಡನಿಗೆ ಪರೀಕ್ಷೆ ಬೇಕೇ? ಗಂಡಸರಿಗೆ ಇಂಥ ತಪಾಸಣೆ ಇಲ್ಲ. ಜನನಾಂಗದ ಮೇಲೆ ಗಂಟು, ಹುಣ್ಣು ಇದ್ದರೆ ಮಾತ್ರ ತೋರಿಸಲಿ. ಪಾಸಿಟಿವ್ ಬಂದಿತೆಂದು ಸಂಪರ್ಕ ನಿಲ್ಲಿಸಬೇಕಿಲ್ಲ. ಕಾಂಡೋಮ್ ಹರಡುವುದನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಒಟ್ಟಿಗೆ ಊಟ, ಪಾತ್ರೆ, ಹಾಸಿಗೆ, ಮಕ್ಕಳನ್ನು ಎತ್ತಿಕೊಳ್ಳುವುದು, ಇವಕ್ಕೆಲ್ಲ ಏನೂ ಅಡ್ಡಿಯಿಲ್ಲ. ಬೀಡಿ ಸಿಗರೇಟು ಸೇದುವ ಅಭ್ಯಾಸ ಇದ್ದರೆ ಬಿಡಿ, ಹೊಗೆ ವೈರಸ್ ಉಳಿದುಕೊಳ್ಳಲು ನೆರವಾಗುತ್ತದೆ.

ಹೆಜ್ಜೆ 8: ಮಗಳಿಗೆ ಲಸಿಕೆ

9ರಿಂದ 14 ವರ್ಷದೊಳಗೆ ಕೊಡುವುದು ಉತ್ತಮ, ಆರು ತಿಂಗಳ ಅಂತರದಲ್ಲಿ ಎರಡು ಡೋಸ್. 15 ದಾಟಿದರೆ ಮೂರು ಡೋಸ್ ವಾಡಿಕೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ, 20 ವರ್ಷದವರೆಗೆ ಒಂದೇ ಡೋಸ್ ಕೊಡುವ ಕ್ರಮವನ್ನೂ ಒಪ್ಪಿದೆ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. ಅದು 6, 11, 16, 18ನೇ ಬಗೆಗಳನ್ನು ತಡೆಯುತ್ತದೆ. ಮಕ್ಕಳಾಗುವುದಕ್ಕೆ ಇದರಿಂದ ತೊಂದರೆ ಇಲ್ಲ. ಈಗಾಗಲೇ ಇರುವ ವೈರಸ್ಸನ್ನು ಲಸಿಕೆ ಓಡಿಸುವುದಿಲ್ಲ, ಹಾಗಾಗಿ ನಿಮ್ಮ ಪಾಸಿಟಿವ್ ರಿಪೋರ್ಟಿಗೆ ಇದು ಔಷಧವಲ್ಲ. ಲಸಿಕೆ ಪಡೆದ ಮಗಳೂ 30ಕ್ಕೆ ತಪಾಸಣೆ ಮಾಡಿಸಬೇಕು.

ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಗುಂಪು) ಘಟಕದವರಿಗೆ

ಒಬ್ಬೊಬ್ಬರಾಗಿ ಹೋಗದವರು ಗುಂಪಾಗಿ ಹೋಗುತ್ತಾರೆ. ವಾರದ ಸಭೆಯಲ್ಲಿ ವಿಷಯ ಎತ್ತಿ, ಆರೋಗ್ಯ ಕೇಂದ್ರದಿಂದ ದಿನ ಕೇಳಿ, ಒಂದು ಜೀಪು ಮಾಡಿ. ಮುಟ್ಟಿನ ದಿನ ಆ ಹೊತ್ತಿಗೆ ಬರುವವರನ್ನು ಎರಡನೇ ತಂಡಕ್ಕೆ ಹಾಕಿ. ಮಲಯಾಳ, ಕನ್ನಡ, ತುಳು ಮೂರೂ ಬಲ್ಲ ಒಬ್ಬರು ಜೊತೆಗಿರಲಿ. ಹೊರಡುವ ಮೊದಲೇ ಎಲ್ಲರಿಗೂ ಒಂದು ಮಾತು ಹೇಳಿ: ಕೆಲವರಿಗೆ ಪಾಸಿಟಿವ್ ಬರುತ್ತದೆ, ಬಂದರೆ ಇನ್ನೊಂದು ಪರೀಕ್ಷೆ ಇದೆ, ಅಷ್ಟೇ. ರಿಪೋರ್ಟ್ ಬಂದ ಮೇಲೆ ಹೇಳುವುದಕ್ಕಿಂತ ಮೊದಲೇ ಹೇಳಿದ್ದು ಹೆಚ್ಚು ಕಿವಿಗೆ ಬೀಳುತ್ತದೆ.

ರಿಪೋರ್ಟುಗಳನ್ನು ಸಭೆಯಲ್ಲಿ ಹಂಚಬೇಡಿ, ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಡಿ. ಅವರವರ ಕಾಗದ ಅವರವರಿಗೇ ಆಸ್ಪತ್ರೆಯಿಂದ ಸಿಗಲಿ. ಯಾರಿಗೆ ಯಾವ ತಿಂಗಳು ಮತ್ತೆ ಹೋಗಬೇಕಿದೆ ಎಂಬ ಪಟ್ಟಿ ಆಶಾ ಅಥವಾ ನರ್ಸ್ ಒಬ್ಬರ ಬಳಿ ಮಾತ್ರ ಇರಲಿ. ಆ ತಿಂಗಳು ಬಂದಾಗ ಅವರೇ ಫೋನ್ ಮಾಡಿ ನೆನಪಿಸಲಿ. ಬಸ್ಸಿನ ಖರ್ಚಿಗೆ ಇಲ್ಲವೆಂದೋ ಜೊತೆಗೆ ಯಾರೂ ಇಲ್ಲವೆಂದೋ ಕಾಲ್ಪೋಸ್ಕೋಪಿಗೆ ಹೋಗದೆ ಉಳಿದವರಿದ್ದರೆ, ಘಟಕದ ಉಳಿತಾಯದಿಂದ ಕೊಡಲು ಇದಕ್ಕಿಂತ ಸರಿಯಾದ ಕಾರಣ ಬೇರೆ ಬೇಕಿಲ್ಲ.